ಕಶಾಂಗಕ್ಕೂ ಒಂದು ಚರಿತ್ರೆಯುಂಟು

ಜ್ವರವು ನಾಲ್ಕೈದು ದಿನ ಕಳೆದರೂ ಇಳಿಯದಿದ್ದಾಗ ವೈದ್ಯರು ಬರೆದುಕೊಡುವ ರಕ್ತಪರೀಕ್ಷೆಗಳಲ್ಲಿ ವಿಡಾಲ್ ಎಂಬುದೊಂದು ಉಂಟು. ಪ್ಯಾರಿಸ್ಸಿನ ವೈದ್ಯ ಫರ್ನಾಂಡ್ ವಿಡಾಲ್ 1896ರಲ್ಲಿ ಬಳಕೆಗೆ ತಂದ ಈ ಪರೀಕ್ಷೆಯು, ಅದಕ್ಕಿಂತ ನಂಬಲರ್ಹವಾದ ವಿಧಾನಗಳು ಬಂದ ಮೇಲೆಯೂ, ನಮ್ಮ ತಾಲ್ಲೂಕು ಊರುಗಳ ಚಿಕ್ಕ ಲ್ಯಾಬುಗಳಲ್ಲಿ ಇಂದಿಗೂ ನಡೆಯುತ್ತಲೇ ಇದೆ. ಸಂಜೆಗೆ ಕೈಸೇರುವ ಅದರ ಚೀಟಿಯಲ್ಲಿ ‘ಟೈಫಿ ಒ’ ಎಂದೊಂದು ಸಾಲು, ‘ಟೈಫಿ ಎಚ್’ ಎಂದು ಮತ್ತೊಂದು ಸಾಲು, ಅವುಗಳೆದುರಿಗೆ 1:80 ಎಂದೋ 1:160 ಎಂದೋ ಅಂಕಿಗಳು ಇರುವುವು. ಅಂಕಿ ಹೆಚ್ಚೋ ಕಡಮೆಯೋ ಎಂದಷ್ಟೇ ಕೇಳಿ ಚೀಟಿಯನ್ನು ಮಡಿಚಿಡುವ ನಮ್ಮಲ್ಲಿ ಬಹುಮಂದಿಗೆ, ಆ ಎರಡು ಸಾಲುಗಳು ಬೇರೆ ಬೇರೆಯಾಗಿ ಏಕಿವೆಯೆಂಬುದು ತಿಳಿದಿರುವುದಿಲ್ಲ. ಮೊದಲನೆಯದು ಟೈಫಾಯ್ಡ್ ಬ್ಯಾಕ್ಟೀರಿಯದ ಮೈಹೊದಿಕೆಯನ್ನು ಗುರುತು ಹಿಡಿದು ನಮ್ಮ ದೇಹವು ಸಿದ್ಧಪಡಿಸಿದ ಪ್ರತಿಕಾಯದ ಅಳತೆ. ಎರಡನೆಯದು ಅದೇ ಬ್ಯಾಕ್ಟೀರಿಯದ ಈಜುವ ಅಂಗವಾದ ಕಶಾಂಗವನ್ನು ಗುರುತು ಹಿಡಿದ ಪ್ರತಿಕಾಯದ ಅಳತೆ. ಕಣ್ಣಿಗೆ ಕಾಣದ ಒಂದು ಜೀವಿಯ, ಅದರ ದೇಹಕ್ಕಿಂತಲೂ ಎಷ್ಟೋ ಪಾಲು ತೆಳುವಾದ ಒಂದು ಎಳೆಯು ನಮ್ಮ ರಕ್ತದ ನೆನಪಿನಲ್ಲಿ ತಿಂಗಳುಗಟ್ಟಲೆ ಉಳಿದಿರಬಲ್ಲುದು.

ಶಾಲೆಯಲ್ಲಿ ಓದಿದವರೆಲ್ಲರೂ ಕಶಾಂಗವನ್ನು ಕಂಡವರೇ. ಜೀವಕೋಶದ ಚಿತ್ರದ ತುದಿಯಲ್ಲಿ ಒಂದು ಡೊಂಕು ಗೆರೆ, ಗೆರೆಯ ಪಕ್ಕದಲ್ಲಿ ಹೆಸರು, ಹೆಸರಿನ ಮುಂದೆ ‘ಚಲನೆಗೆ ಸಹಾಯಕ’ ಎಂಬ ಉತ್ತರ, ಉತ್ತರಕ್ಕೆ ಒಂದು ಅಂಕ: ಇಷ್ಟರಲ್ಲಿ ಅದರ ಪ್ರಸ್ತಾಪ ಮುಗಿಯುವುದು. ಜೀವಶಾಸ್ತ್ರವನ್ನು ಹೀಗೆ ಹೆಸರುಗಳ ಪಟ್ಟಿಯಾಗಿ ಕಲಿಸುವ ಅಭ್ಯಾಸವು ನಮ್ಮಲ್ಲಿ ಹಳೆಯದು. ಆದರೆ 2023ರ ಹತ್ತನೆಯ ತರಗತಿಯ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ಜೀವವಿಕಾಸದ ಭಾಗವನ್ನು ತೆಗೆದುಹಾಕಿ, ‘ಆನುವಂಶೀಯತೆ ಮತ್ತು ಜೀವವಿಕಾಸ’ ಎಂದಿದ್ದ ಅಧ್ಯಾಯವನ್ನು ಬರಿಯ ‘ಆನುವಂಶೀಯತೆ’ಯಾಗಿ ಉಳಿಸಿದ ಮೇಲೆ, ಆ ಹಳೆಯ ಅಭ್ಯಾಸಕ್ಕೆ ಇನ್ನೊಂದು ಹಾನಿ ಕೂಡಿಕೊಂಡಿತು. ನಾನು ಇಲ್ಲಿ ಹೇಳಬೇಕೆಂದಿರುವುದು ಇಷ್ಟೇ: ಕಶಾಂಗದ ರಚನೆಯನ್ನಾಗಲಿ ಕಾರ್ಯವನ್ನಾಗಲಿ ಅದರ ಚರಿತ್ರೆಯನ್ನು ಬಿಟ್ಟು ತಿಳಿಯಲು ಬಾರದು, ಚರಿತ್ರೆಯನ್ನು ಕಳೆದುಕೊಂಡ ಅಂಗವು ವಿದ್ಯಾರ್ಥಿಯ ಕಣ್ಣಿಗೆ ಬಾಯಿಪಾಠದ ಹೆಸರಾಗಿಯೋ ವಿವರಣೆಗೆ ನಿಲುಕದ ಪವಾಡವಾಗಿಯೋ ಉಳಿಯುವುದಲ್ಲದೆ ಜ್ಞಾನವಾಗಿ ಉಳಿಯಲಾರದು.

ಮೊದಲು ಈ ಅಂಗವು ಎಂತಹ ಲೋಕದಲ್ಲಿ ಕೆಲಸ ಮಾಡಬೇಕಾಗಿದೆಯೆಂಬುದನ್ನು ನೋಡಬೇಕು. ನಮ್ಮ ಕರುಳಿನ ನಿವಾಸಿಯಾದ ಇ. ಕೋಲಿ ಬ್ಯಾಕ್ಟೀರಿಯದ ಉದ್ದ ಸುಮಾರು 2 ಮೈಕ್ರೋಮೀಟರ್, ಎಂದರೆ ಒಂದು ಮಿಲಿಮೀಟರಿನ ಐನೂರರಲ್ಲಿ ಒಂದು ಪಾಲು. ಅಷ್ಟು ಕಿರಿದಾದ ದೇಹಕ್ಕೆ ನೀರೆಂಬುದು ನಾವು ಬಲ್ಲ ನೀರಾಗಿರುವುದಿಲ್ಲ. ಜೋನಿಬೆಲ್ಲದ ಕೊಪ್ಪರಿಗೆಯಲ್ಲಿ ಮುಳುಗಿ ಈಜಲೆತ್ನಿಸುವ ಮನುಷ್ಯನ ಪಾಡು ಎಂತಹದೋ ಅಂತಹದು ಅದರ ನಿತ್ಯದ ಪಾಡು. ಕೈಕಾಲು ಆಡಿಸುವುದನ್ನು ನಿಲ್ಲಿಸಿದ ಈಜುಗಾರನು ನೀರಿನಲ್ಲಿ ಸ್ವಲ್ಪ ದೂರ ಜಾರಿಕೊಂಡು ಹೋಗುವನಷ್ಟೆ. ಬ್ಯಾಕ್ಟೀರಿಯವಾದರೋ ಕಶಾಂಗವು ನಿಂತೊಡನೆ, ಒಂದು ಪರಮಾಣುವಿನ ಅಗಲದಷ್ಟೂ ಮುಂದೆ ಸಾಗದೆ, ಇದ್ದಲ್ಲಿಯೇ ನಿಂತುಬಿಡುವುದು. ಅಲ್ಲಿ ವೇಗಕ್ಕೆ ನೆನಪಿಲ್ಲ. ಹುಟ್ಟನ್ನು ಮುಂದಕ್ಕೆ ಒಮ್ಮೆ, ಬಂದ ದಾರಿಯಲ್ಲಿಯೇ ಹಿಂದಕ್ಕೆ ಒಮ್ಮೆ ಆಡಿಸಿದರೆ, ಎಷ್ಟೇ ರಭಸದಿಂದ ಆಡಿಸಿದರೂ, ಹೊರಟ ಸ್ಥಾನಕ್ಕೇ ಮರಳಬೇಕಾಗುವುದೆಂದು ಭೌತವಿಜ್ಞಾನಿ ಎಡ್ವರ್ಡ್ ಪರ್ಸೆಲ್ 1977ರಲ್ಲಿ ಪ್ರಕಟವಾದ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ತೋರಿಸಿಕೊಟ್ಟರು. ಇಂತಹ ಲೋಕದಲ್ಲಿ ಮುಂದೆ ಸಾಗಲು ಉಪಾಯಗಳು ಕೆಲವೇ: ಸುರುಳಿಯಾದ ಒಂದು ಎಳೆಯನ್ನು ಒಂದೇ ಸಮನೆ ತಿರುಗಿಸುವುದು ಒಂದು, ಬಳುಕುವ ಅಂಗದ ಉದ್ದಕ್ಕೂ ಅಲೆಯನ್ನು ಹರಿಯಿಸುವುದು ಇನ್ನೊಂದು. ಬ್ಯಾಕ್ಟೀರಿಯಗಳು ಮೊದಲನೆಯದನ್ನು ಹಿಡಿದುವು. ಪಾಚಿ, ಹಾವಸೆ, ಪ್ರಾಣಿ, ಮನುಷ್ಯರನ್ನೊಳಗೊಂಡ ನಮ್ಮ ವಂಶವು ಎರಡನೆಯದನ್ನು ಹಿಡಿಯಿತು.

ಬ್ಯಾಕ್ಟೀರಿಯದ ಕಶಾಂಗದಲ್ಲಿ ಹೊರಗೆ ಚಾಚಿದ ಎಳೆ, ಎಳೆಯ ಬುಡದಲ್ಲಿ ಬಾಗಿದ ಕೊಕ್ಕೆ, ಕೊಕ್ಕೆಯ ಕೆಳಗೆ ಕೋಶದ ಪೊರೆಗಳಲ್ಲಿ ಹುದುಗಿದ ಮೋಟಾರು ಎಂದು ಮೂರು ಭಾಗಗಳುಂಟು. ಎಳೆಯ ದಪ್ಪ ಸುಮಾರು 20 ನ್ಯಾನೋಮೀಟರ್. ಉದ್ದವು ಬ್ಯಾಕ್ಟೀರಿಯದ ಮೈಯ ಹಲವು ಪಟ್ಟು. ಫ್ಲಾಜೆಲಿನ್ ಎಂಬ ಒಂದೇ ಪ್ರೋಟೀನಿನ ಸುಮಾರು 20,000 ಅಣುಗಳು ಸುತ್ತುಸುತ್ತಾಗಿ ಜೋಡಿಕೊಂಡು ಈ ಎಳೆಯಾಗಿದೆ. ಮೋಟಾರಿಗೆ ಬೇಕಾದ ಶಕ್ತಿಯು, ನಮ್ಮ ಸ್ನಾಯುಗಳಲ್ಲಿರುವಂತೆ, ಎಟಿಪಿ ಎಂಬ ರಾಸಾಯನಿಕದಿಂದ ನೇರವಾಗಿ ಬರುವುದಿಲ್ಲ; ಪೊರೆಯ ಹೊರಗೆ ಒತ್ತೊತ್ತಾಗಿ ನೆರೆದ ಪ್ರೋಟಾನುಗಳು ಒಳಗೆ ನುಗ್ಗುವಾಗ, ಮೋಟಾರಿನ ಸುತ್ತ ನೆಲೆನಿಂತ ಪ್ರೋಟೀನುಗಳ ಮೂಲಕ ಹಾದು, ನಡುವಣ ಬಳೆಯನ್ನು ನೂಕಿ ತಿರುಗಿಸುವುವು. ಕಾಲರಾ ಬ್ಯಾಕ್ಟೀರಿಯದ ಬಂಧುವಾಗಿ ಸಮುದ್ರದಲ್ಲಿ ವಾಸಿಸುವ ಒಂದು ವಿಬ್ರಿಯೋ ಜಾತಿಯು ಪ್ರೋಟಾನಿನ ಬದಲು ಸೋಡಿಯಂ ಅಯಾನುಗಳನ್ನು ಬಳಸಿಕೊಂಡು ಸೆಕೆಂಡಿಗೆ 1,700 ಸುತ್ತುಗಳವರೆಗೆ ತನ್ನ ಕಶಾಂಗವನ್ನು ತಿರುಗಿಸಬಲ್ಲುದೆಂದು ಅಳೆದಿದ್ದಾರೆ. ಇನ್ನೂ ಆಶ್ಚರ್ಯದ ಮಾತೆಂದರೆ, ಈ ಮೋಟಾರಿನ ಸುತ್ತ ನಿಂತು ಅದನ್ನು ನೂಕುವ ಘಟಕಗಳು ಸ್ಥಿರವಾಗಿ ಕೂತಿರುವುವಲ್ಲ. ಮೋಟಾರು ತಿರುಗುತ್ತಿರುವಾಗಲೇ ಕೆಲವು ಕಳಚಿ ಪೊರೆಯಲ್ಲಿ ತೇಲಿಹೋಗುವುವು, ಬೇರೆ ಕೆಲವು ಬಂದು ಅವುಗಳ ಎಡೆಯಲ್ಲಿ ನಿಲ್ಲುವುವು. ಹೊರೆ ಹೆಚ್ಚಾದಂತೆ ಬಂದು ಸೇರುವ ಘಟಕಗಳೂ ಹೆಚ್ಚುವುವು.

ಎಳೆಯು ಬೆಳೆಯುವ ಬಗೆಯನ್ನೂ ಒಂದು ಗಳಿಗೆ ನಿಂತು ನೋಡತಕ್ಕುದು. ನಮ್ಮ ಕೂದಲು ಬುಡದಿಂದ ಬೆಳೆಯುವುದು; ಬ್ಯಾಕ್ಟೀರಿಯದ ಕಶಾಂಗವು ತುದಿಯಿಂದ ಬೆಳೆಯುವುದು. ಕೋಶದೊಳಗೆ ಸಿದ್ಧವಾದ ಫ್ಲಾಜೆಲಿನ್ ಅಣುವು ತನ್ನ ಮಡಿಕೆಗಳನ್ನು ಬಿಚ್ಚಿಕೊಂಡು, ಎಳೆಯ ನಡುವೆ ಇರುವ ಸುಮಾರು 2 ನ್ಯಾನೋಮೀಟರ್ ಅಗಲದ ಕಾಲುವೆಯಲ್ಲಿ ಉದ್ದಕ್ಕೂ ಸಾಗಿ, ತುದಿಯನ್ನು ಸೇರಿದ ಮೇಲೆ ಅಲ್ಲಿರುವ ಐದು ಪ್ರೋಟೀನುಗಳ ಮುಚ್ಚಳದ ಕೆಳಗೆ ಮತ್ತೆ ಮಡಿಚಿಕೊಂಡು ತನ್ನ ಸ್ಥಾನದಲ್ಲಿ ಕೂರುವುದು. ಎಳೆಯು ನಡುವೆ ಮುರಿದರೆ ಉಳಿದ ತುಂಡಿನ ತುದಿಯಲ್ಲಿ ಬೆಳವಣಿಗೆ ಮತ್ತೆ ತೊಡಗುವುದು. ಹೀಗಾಗಲು ಬುಡದಲ್ಲಿ ಪ್ರೋಟೀನುಗಳನ್ನು ಹೊರಕ್ಕೆ ದಬ್ಬುವ ಒಂದು ವ್ಯವಸ್ಥೆ ಇರಲೇಬೇಕು, ಇದ್ದೂ ಇದೆ. ಮುಂದೆ ಬರುವ ವಾದಕ್ಕೆ ಈ ದಬ್ಬುವ ವ್ಯವಸ್ಥೆಯೇ ಮುಖ್ಯವಾದುದರಿಂದ ಓದುಗರು ಅದನ್ನು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಇಷ್ಟೆಲ್ಲ ತಿಳಿದುದು ತೀರ ಈಚೆಗೆ. ಹಾಲೆಂಡಿನ ಲೀವನ್‌ಹುಕ್ ತಾನೇ ಅರೆದು ಮಾಡಿದ ಮಸೂರಗಳಲ್ಲಿ ಮೆಣಸಿನ ನೀರಿನ ಸೂಕ್ಷ್ಮಜೀವಿಗಳು ಓಡಾಡುವುದನ್ನು ಕಂಡು 1676ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ಬ್ಯಾಕ್ಟೀರಿಯಗಳು ಈಜುತ್ತವೆಯೆಂಬುದು ಅಂದಿನಿಂದಲೂ ತಿಳಿದಿತ್ತು. ಜರ್ಮನಿಯ ಲೋಫ್ಲರ್ 1889ರಲ್ಲಿ ಕಶಾಂಗಗಳಿಗೆ ಬಣ್ಣ ಹಿಡಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಅವುಗಳ ಆಕಾರವೂ ತಿಳಿಯಿತು. ಆದರೂ ಅವು ಹೇಗೆ ಕೆಲಸ ಮಾಡುತ್ತವೆಯೆಂಬ ವಿಷಯದಲ್ಲಿ, ಹಾವಿನ ಮೈಯಂತೆ ಬಳುಕಿ ಅಲೆಯಾಡುತ್ತವೆ ಎಂಬ ಊಹೆಯೇ ಬಹುಕಾಲ ನಡೆದುಬಂದಿತು. ಲೀವನ್‌ಹುಕ್ಕನ ಪತ್ರಕ್ಕೆ ಮುನ್ನೂರು ವರ್ಷ ತುಂಬಲು ಮೂರೇ ವರ್ಷವಿರುವಾಗ, 1973ರಲ್ಲಿ, ಅಮೆರಿಕದ ಹೊವಾರ್ಡ್ ಬರ್ಗ್ ಮತ್ತು ರಾಬರ್ಟ್ ಆಂಡರ್ಸನ್ ಇಬ್ಬರೂ ಅದುವರೆಗಿನ ಸಾಕ್ಷ್ಯಗಳನ್ನೆಲ್ಲ ಕೂಡಿಸಿ ನೋಡಿ, ಕಶಾಂಗವು ಬಳುಕುವುದಿಲ್ಲ, ಬುಡದಿಂದಲೇ ತಿರುಗುತ್ತದೆ ಎಂದು ವಾದಿಸಿದರು. ಮರುವರ್ಷ ಮೈಕೆಲ್ ಸಿಲ್ವರ್‌ಮನ್ ಮತ್ತು ಮೆಲ್ವಿನ್ ಸೈಮನ್ ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದರು. ಅವರ ಉಪಾಯವು ಸರಳವಾಗಿದ್ದುದರಿಂದಲೇ ಅಪೂರ್ವವಾದುದು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ಕಶಾಂಗವು ಕಾಣದು, ಅಷ್ಟು ತೆಳು. ಬ್ಯಾಕ್ಟೀರಿಯದ ಮೈ ಕಾಣುವುದು. ಆದುದರಿಂದ ಅವರು ಕಶಾಂಗದ ಭಾಗಕ್ಕೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯವೊಂದನ್ನು ಬಳಸಿ ಆ ಭಾಗವನ್ನು ಗಾಜಿಗೆ ಬಿಗಿದುಬಿಟ್ಟರು. ತಿರುಗಬೇಕಾದ ಅಂಗವು ಕಟ್ಟುಬಿದ್ದುದರಿಂದ, ಮೋಟಾರು ಅಂಗದ ಬದಲು ಮೈಯನ್ನೇ ತಿರುಗಿಸತೊಡಗಿತು: ಗಾಜಿನ ಮೇಲೆ ನೂರಾರು ಬ್ಯಾಕ್ಟೀರಿಯಗಳು ತಾವು ನಿಂತಲ್ಲಿಯೇ, ಕೆಲವು ಬಲಕ್ಕೆ ಕೆಲವು ಎಡಕ್ಕೆ, ಗಿರಗಿರನೆ ಸುತ್ತುತ್ತಿದ್ದುವು, ಆಗಾಗ ನಿಂತು ದಿಕ್ಕನ್ನು ಬದಲಿಸುತ್ತಿದ್ದುವು. ಬಳುಕುವ ಅಂಗವು ಹೀಗೆ ಮೈಯನ್ನು ಸುತ್ತು ಸುತ್ತು ತಿರುಗಿಸಲಾರದು. ವಿಡಾಲ್ ಪರೀಕ್ಷೆಯು ಯಾವ ಸ್ವಭಾವವನ್ನು ಆಧರಿಸಿ ನಡೆಯುವುದೋ, ಕಶಾಂಗವನ್ನು ಪ್ರತಿಕಾಯವು ಹಿಡಿದುಕೊಳ್ಳುವ ಅದೇ ಸ್ವಭಾವವು ಇಲ್ಲಿ ಶತಮಾನಗಳ ಊಹೆಯೊಂದನ್ನು ಮುಗಿಸಿತು.

ದಿಕ್ಕನ್ನು ಬದಲಿಸುವುದರಲ್ಲಿಯೇ ಬ್ಯಾಕ್ಟೀರಿಯದ ವಿವೇಕವೆಲ್ಲ ಅಡಗಿದೆ. ಇ. ಕೋಲಿಯ ಮೋಟಾರುಗಳು ಎಡಸುತ್ತಾಗಿ ತಿರುಗುವಾಗ ಕಶಾಂಗಗಳೆಲ್ಲ ಹಿಂದೆ ಒಂದು ಕಟ್ಟಾಗಿ ಹೆಣೆದುಕೊಂಡು ದೇಹವನ್ನು ಸುಮಾರು ಒಂದು ಸೆಕೆಂಡು ನೇರವಾಗಿ ನೂಕುವುವು. ಬಲಸುತ್ತಿಗೆ ಹೊರಳಿದೊಡನೆ ಕಟ್ಟು ಬಿಚ್ಚಿ, ದೇಹವು ಸೆಕೆಂಡಿನ ಹತ್ತರಲ್ಲೊಂದು ಪಾಲಿನಷ್ಟು ಹೊತ್ತು ತಡವರಿಸಿ, ಯಾವುದೋ ಹೊಸ ದಿಕ್ಕಿಗೆ ಮುಖಮಾಡುವುದು. ಆಹಾರದ ಕಡೆಗೆ ಸಾಗುತ್ತಿದ್ದರೆ ತಡವರಿಸುವುದನ್ನು ಮುಂದೂಡುವುದು. ಕೆಲವು ಸೆಕೆಂಡುಗಳ ಹಿಂದೆ ಇದ್ದ ರುಚಿಗೂ ಈಗಿನ ರುಚಿಗೂ ಹೋಲಿಸಿ ನೋಡುವಷ್ಟು ನೆನಪು, ಮಿದುಳಾಗಲಿ ನರವಾಗಲಿ ಇಲ್ಲದ ಆ ಜೀವಿಗೆ ಇದೆ.

ಇನ್ನು ನಮ್ಮ ವಂಶದ ಕಶಾಂಗ. ಹೆಸರು ಒಂದೇ ಆದರೂ ವಸ್ತು ಬೇರೆ. ಬ್ಯಾಕ್ಟೀರಿಯದ ಎಳೆಗಿಂತ ಹತ್ತು ಪಟ್ಟು ದಪ್ಪವಾದ, ಕೋಶದ ಪೊರೆಯೇ ಹೊದಿಕೆಯಾಗಿ ಆವರಿಸಿದ ಈ ಅಂಗವನ್ನು ಅಡ್ಡಲಾಗಿ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಸುತ್ತಲೂ ಒಂಬತ್ತು ಜೋಡಿ ಸೂಕ್ಷ್ಮನಾಳಗಳೂ ನಡುವೆ ಎರಡು ಒಂಟಿ ನಾಳಗಳೂ ಕಾಣುವುವು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾನಿಲಯದ ಐರೀನ್ ಮ್ಯಾಂಟನ್ 1950ರ ದಶಕದ ಮೊದಲಲ್ಲಿ ಹಾವಸೆ, ಜರೀಗಿಡಗಳ ವೀರ್ಯಾಣುಗಳಲ್ಲಿ ಇದನ್ನು ಕಂಡರು. 1954ರಲ್ಲಿ ಫಾಸೆಟ್ ಮತ್ತು ಪೋರ್ಟರ್ ಪ್ರಾಣಿಗಳ ಲೋಮಾಂಗಗಳೆಂಬ ಗಿಡ್ಡ ಕಶಾಂಗಗಳಲ್ಲಿಯೂ ಇದೇ ವಿನ್ಯಾಸವನ್ನು ತೋರಿಸಿದರು. ಅಂಗವನ್ನು ಬಳುಕಿಸುವ ಪ್ರೋಟೀನಿಗೆ ಡೈನೀನ್ ಎಂದು 1965ರಲ್ಲಿ ಹೆಸರಿಟ್ಟವರು ಇಯಾನ್ ಗಿಬ್ಬನ್ಸ್. ಅವರೂ ಕೀತ್ ಸಮ್ಮರ್ಸ್ ಅವರೂ 1971ರಲ್ಲಿ ಸಮುದ್ರದ ಮುಳ್ಳುಜೀವಿಯೊಂದರ ವೀರ್ಯಾಣುವಿನ ಬಾಲವನ್ನು ತೆಗೆದುಕೊಂಡು, ನಾಳಗಳನ್ನು ಒಂದಕ್ಕೊಂದು ಬಿಗಿದ ಕಟ್ಟುಗಳನ್ನು ಕಿಣ್ವದಿಂದ ಕರಗಿಸಿ, ಎಟಿಪಿಯನ್ನು ಹನಿಸಿದರು. ನಾಳಗಳು ಒಂದರ ಮೇಲೊಂದು ಜಾರಿ, ಮೊದಲಿನ ಉದ್ದದ ಹಲವು ಪಟ್ಟು ಚಾಚಿಕೊಂಡು ಬೇರೆಬೇರೆಯಾದುವು. ಕಟ್ಟುಗಳಿದ್ದಾಗ ಜಾರಲು ಎಡೆಯಿಲ್ಲದೆ ಅಂಗವು ಬಾಗುವುದೆಂದು ಇದರಿಂದ ಸ್ಪಷ್ಟವಾಯಿತು. ಇಲ್ಲಿ ತಿರುಗುವ ಬಳೆಯಿಲ್ಲ, ಪ್ರೋಟಾನಿನ ಪ್ರವಾಹವಿಲ್ಲ, ಫ್ಲಾಜೆಲಿನ್ ಇಲ್ಲ.

ಮೂರನೆಯದೊಂದೂ ಉಂಟು. ಬಿಸಿನೀರಿನ ಬುಗ್ಗೆ, ಉಪ್ಪಿನ ಮಡು ಮೊದಲಾದ ಎಡೆಗಳಲ್ಲಿ ವಾಸಿಸುವ ಆರ್ಕಿಯ ಎಂಬ ಸೂಕ್ಷ್ಮಜೀವಿಗಳ ಕಶಾಂಗವು ಬ್ಯಾಕ್ಟೀರಿಯದ್ದರಂತೆಯೇ ತಿರುಗುವುದಾದರೂ, ಎಟಿಪಿಯಿಂದ ನಡೆಯುವುದು, ನಡುವೆ ಕಾಲುವೆಯಿಲ್ಲದುದು, ಬುಡದಲ್ಲಿ ಬೆಳೆಯತಕ್ಕುದು; ಬ್ಯಾಕ್ಟೀರಿಯಗಳು ಮೇಲ್ಮೈಗೆ ಅಂಟಿಕೊಳ್ಳಲು ಬಳಸುವ ಬೇರೊಂದು ಬಗೆಯ ರೋಮಗಳಿಗೆ ಅದು ಬಂಧು. ಮೂರು ವಂಶಗಳು ಒಂದೇ ಕಷ್ಟಕ್ಕೆ ಬೇರೆಬೇರೆಯಾಗಿ, ತಮ್ಮ ತಮ್ಮ ಮನೆಯಲ್ಲಿ ಇದ್ದ ಸಾಮಗ್ರಿಯಿಂದಲೇ ಪರಿಹಾರವನ್ನು ಕಂಡುಕೊಂಡುವು. ಕೆಲಸ ಒಂದೇ, ಕಟ್ಟಡ ಮೂರು ಬಗೆ. ಕಾರ್ಯವೊಂದೇ ರಚನೆಯನ್ನು ನಿರ್ಣಯಿಸುವಂತಿದ್ದರೆ ಹೀಗಾಗಲು ಕಾರಣವಿರಲಿಲ್ಲ. ಯಾವ ಜೀವಿಯಲ್ಲಿ ಯಾವ ರಚನೆಯಿದೆಯೆಂಬುದು ಅದು ಯಾರ ಸಂತತಿ ಎಂಬುದರ ಮೇಲೆ ನಿಂತಿದೆ. ‘ಚಲನೆಗೆ ಸಹಾಯಕ’ ಎಂಬ ಉತ್ತರವು ಈ ಮೂರಕ್ಕೂ ಸಮನಾಗಿ ಒಪ್ಪುವುದರಿಂದಲೇ ಅದು ಯಾವುದೊಂದನ್ನೂ ವಿವರಿಸಲಾರದು.

ಬ್ಯಾಕ್ಟೀರಿಯದ ಕಶಾಂಗವನ್ನೇ ಜೀವವಿಕಾಸದ ವಿರುದ್ಧ ಸಾಕ್ಷಿಯಾಗಿ ನಿಲ್ಲಿಸಿದವರೂ ಉಂಟು. ಅಮೆರಿಕದ ಮೈಕೆಲ್ ಬೀಹಿ 1996ರ ತಮ್ಮ ಪುಸ್ತಕದಲ್ಲಿ, ಇಷ್ಟು ಭಾಗಗಳು ಕೂಡಿದಾಗ ಮಾತ್ರ ಕೆಲಸ ಮಾಡುವ, ಒಂದನ್ನು ತೆಗೆದರೂ ನಿಂತುಹೋಗುವ ಇಂತಹ ಯಂತ್ರವು ಹಂತಹಂತವಾಗಿ ಹುಟ್ಟಿರಲಾರದು, ಅದಕ್ಕೊಬ್ಬ ಬುದ್ಧಿವಂತ ನಿರ್ಮಾತೃ ಇರಬೇಕು ಎಂದು ವಾದಿಸಿದರು. ವಾದವು ಮೇಲುನೋಟಕ್ಕೆ ಬಲವಾದುದೇ. ಅದನ್ನು ಕೇಳಿದ ಶ್ರದ್ಧಾವಂತ ಓದುಗನು ತಲೆದೂಗಿದರೆ ಅವನನ್ನು ಹಳಿಯುವುದು ನ್ಯಾಯವಲ್ಲ. ಪೆನ್ಸಿಲ್ವೇನಿಯದ ಡೋವರ್ ಎಂಬ ಊರಿನ ಶಾಲಾ ಮಂಡಲಿಯು ಈ ಮತವನ್ನು ತರಗತಿಗೆ ತರಲು ಹೊರಟಾಗ ಮಕ್ಕಳ ತಂದೆತಾಯಿಗಳು ನ್ಯಾಯಾಲಯಕ್ಕೆ ಹೋದರು. ಅಲ್ಲಿ ಕಶಾಂಗದ ವಿಚಾರವೂ ದೀರ್ಘವಾಗಿ ಚರ್ಚೆಗೆ ಬಂದು, 2005ರ ಡಿಸೆಂಬರಿನಲ್ಲಿ ನ್ಯಾಯಾಧೀಶ ಜಾನ್ ಜೋನ್ಸ್, ಇದು ವಿಜ್ಞಾನವಲ್ಲವೆಂದು ತೀರ್ಪಿತ್ತರು.

ನ್ಯಾಯಾಲಯದ ತೀರ್ಪು ವಿಜ್ಞಾನಕ್ಕೆ ಪ್ರಮಾಣವಲ್ಲ. ಉತ್ತರವು ಕಶಾಂಗದಲ್ಲಿಯೇ ಇದೆ. ಪ್ರೋಟೀನುಗಳನ್ನು ಹೊರಕ್ಕೆ ದಬ್ಬುವ ವ್ಯವಸ್ಥೆಯೊಂದು ಬುಡದಲ್ಲಿದೆಯೆಂದು ಹಿಂದೆ ಹೇಳಿದೆನಷ್ಟೆ. ಪ್ಲೇಗಿನ ಬ್ಯಾಕ್ಟೀರಿಯವೂ ಆಮಶಂಕೆಯ ಶಿಗೆಲ್ಲವೂ ನಮ್ಮ ಜೀವಕೋಶಗಳೊಳಕ್ಕೆ ವಿಷವನ್ನು ಚುಚ್ಚಲು ಬಳಸುವ ಸೂಜಿಯ ಬುಡದಲ್ಲಿ ಇದೇ ವ್ಯವಸ್ಥೆಯು, ಗುರುತು ಸಿಕ್ಕುವಷ್ಟು ಸಮಾನವಾದ ಪ್ರೋಟೀನುಗಳಿಂದ ಕೂಡಿ, ಈಜುವಿಕೆಗೆ ಯಾವ ಸಂಬಂಧವೂ ಇಲ್ಲದೆ ಕೆಲಸ ಮಾಡುತ್ತಿದೆ. ಸೂಜಿಯೇ ಕಶಾಂಗದ ಪೂರ್ವಜವೆಂದು ಕೆಲವರು ಅವಸರದಿಂದ ಹೇಳುವುದುಂಟು. ಹಾಗೆ ಹೇಳುವುದು ತಪ್ಪು. ಜೀನುಗಳನ್ನು ಹೋಲಿಸಿ ನೋಡಿದವರ ಅಭಿಪ್ರಾಯದಲ್ಲಿ ಸೂಜಿಯೇ ಕಶಾಂಗದಿಂದ ಹುಟ್ಟಿದ್ದು. ಆದರೂ ಭಾಗಗಳನ್ನು ಕಳೆದುಕೊಂಡ ಕಶಾಂಗವು ನಿಷ್ಪ್ರಯೋಜಕವಾಗದೆ ಬೇರೊಂದು ಉಪಯೋಗಕ್ಕೆ ಬಂದಿತೆಂಬುದು ಅದರಿಂದ ಇನ್ನಷ್ಟು ಸ್ಪಷ್ಟವಾಗುವುದೇ ಹೊರತು ಮಸುಕಾಗುವುದಿಲ್ಲ. ಮೋಟಾರನ್ನು ನೂಕುವ ಪ್ರೋಟೀನುಗಳಿಗೆ ಬಂಧುಗಳಾದ ಬೇರೆ ಪ್ರೋಟೀನುಗಳು, ಅದೇ ಪ್ರೋಟಾನಿನ ಬಲದಿಂದ, ಹೊರಪೊರೆಯ ಮೂಲಕ ಆಹಾರವನ್ನು ಒಳಗೆಳೆಯುವ ಕೆಲಸಕ್ಕೆ ನೆರವಾಗುತ್ತಿವೆ. ಒಂದೇ ಪೊರೆಯುಳ್ಳ ಬ್ಯಾಸಿಲಸ್ ಮುಂತಾದ ಬ್ಯಾಕ್ಟೀರಿಯಗಳ ಕಶಾಂಗದಲ್ಲಿ, ಇ. ಕೋಲಿಯ ಹೊರಪೊರೆಯಲ್ಲಿರುವ ಬಳೆಗಳೇ ಇಲ್ಲ. ಆದರೂ ಅವು ಸೊಗಸಾಗಿ ಈಜುವುವು. ಕಶಾಂಗದ ಭಾಗಗಳು ಕಶಾಂಗಕ್ಕೆಂದೇ ಹುಟ್ಟಿದವಲ್ಲ; ಬೇರೆ ಬೇರೆ ಉದ್ಯೋಗಗಳಲ್ಲಿದ್ದವುಗಳು ಕಾಲಕ್ರಮದಲ್ಲಿ ಇಲ್ಲಿ ಕೂಡಿಕೊಂಡುವು. ಅದರ ಒಂದೊಂದು ಹೆಜ್ಜೆಯ ವಿವರವೂ ಈಗಲೇ ತಿಳಿದುಬಿಟ್ಟಿದೆಯೆಂದು ಯಾವ ವಿಜ್ಞಾನಿಯೂ ಹೇಳನು; ಆದರೆ ಹುಡುಕಬೇಕಾದ ದಾರಿ ಯಾವುದೆಂಬುದರಲ್ಲಿ ಸಂದೇಹ ಉಳಿದಿಲ್ಲ.

ಇದೆಲ್ಲ ಪಂಡಿತರ ವಾಗ್ವಾದ, ಬದುಕಿಗೆ ಇದರಿಂದೇನು ಎಂದು ಕೇಳುವವರಿಗೆ ಕ್ಲಾಮಿಡೋಮೋನಾಸ್ ಎಂಬ ಹಸಿರು ಪಾಚಿಯ ಕಥೆಯನ್ನು ಹೇಳಬೇಕು. ನಮ್ಮ ಕೆರೆಕುಂಟೆಗಳಲ್ಲಿಯೂ ದೊರೆಯುವ ಈ ಏಕಕೋಶ ಜೀವಿಗೆ ಹತ್ತು ಹನ್ನೆರಡು ಮೈಕ್ರೋಮೀಟರ್ ಉದ್ದದ ಎರಡು ಕಶಾಂಗಗಳಿವೆ. ಜೋಯೆಲ್ ರೋಸೆನ್‌ಬಾಮ್ ಮತ್ತು ಸಹೋದ್ಯೋಗಿಗಳು 1969ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡರಲ್ಲಿ ಒಂದನ್ನು ಮಾತ್ರ ತುಂಡರಿಸಿದರು. ಆಗ ಉಳಿದ ಒಂದು ತಾನಾಗಿಯೇ ಕುಗ್ಗತೊಡಗಿತು, ತುಂಡಾದುದು ಬೆಳೆಯತೊಡಗಿತು, ಎರಡೂ ಸಮನಾದ ಮೇಲೆ ಜೊತೆಗೂಡಿ ಮೊದಲಿನ ಉದ್ದಕ್ಕೆ ಬೆಳೆದುವು. ಪುಟ್ಟ ಪಾಚಿಯೊಂದು ತನ್ನ ಎರಡು ಅಂಗಗಳ ಉದ್ದವನ್ನು ಹೇಗೆ ಅಳೆಯುವುದೆಂಬ, ಯಾವ ಪ್ರಯೋಜನವೂ ತೋರದ ಪ್ರಶ್ನೆಯ ಬೆನ್ನು ಹತ್ತಿದ ಅವರ ಪ್ರಯೋಗಶಾಲೆಯಲ್ಲಿ, 1993ರಲ್ಲಿ ಕೀತ್ ಕೊಜ್ಮಿನ್‌ಸ್ಕಿ ಎಂಬವರು ಕಶಾಂಗದ ಒಳಗೆ ಪೊರೆಯ ಅಡಿಯಲ್ಲಿ ಸಾಮಗ್ರಿಯ ಕಣಗಳು ತುದಿಗೂ ಬುಡಕ್ಕೂ ಎಡೆಬಿಡದೆ ಸಂಚರಿಸುತ್ತಿರುವುದನ್ನು ಕಂಡರು. ಆ ಸಾಗಾಟದಲ್ಲಿ ಭಾಗಿಯಾದ ಪ್ರೋಟೀನೊಂದರ ಜೀನನ್ನು ಹುಡುಕಿ ನೋಡಿದಾಗ, ಇಲಿಗಳಲ್ಲಿ ಅದಕ್ಕೆ ಸಮನಾದ ಜೀನು ಕೆಟ್ಟರೆ ಮೂತ್ರಪಿಂಡದ ತುಂಬ ನೀರುಗುಳ್ಳೆಗಳೇಳುವ ರೋಗವುಂಟಾಗುವುದೆಂದು ಅದಾಗಲೇ ತಿಳಿದಿತ್ತು. 2000ದಲ್ಲಿ ಇವೆರಡರ ಸಂಬಂಧವು ಪ್ರಕಟವಾಯಿತು. ಮೂತ್ರಪಿಂಡದ ನಾಳಗಳ ಬಹುತೇಕ ಪ್ರತಿ ಕೋಶದಲ್ಲಿಯೂ ಈಜಲಾರದ, ಆದರೆ ಸುತ್ತಣ ಸುದ್ದಿಯನ್ನು ಗ್ರಹಿಸುವ ಒಂದೊಂದು ಲೋಮಾಂಗವಿದೆಯೆಂಬುದೂ, ಅದು ಸರಿಯಾಗಿ ಬೆಳೆಯದಿದ್ದರೆ ಆ ರೋಗವು ತಲೆದೋರಬಹುದೆಂಬುದೂ ವೈದ್ಯರಿಗೆ ಮನವರಿಕೆಯಾದುದು ಹೀಗೆ. ಕೆರೆಯ ಪಾಚಿಯನ್ನು ನೋಡಿ ಮೂತ್ರಪಿಂಡದ ರೋಗವನ್ನು ಅರಿಯಲು ಸಾಧ್ಯವಾದುದು ಆಕಸ್ಮಿಕವಲ್ಲ. ಪಾಚಿಗೂ ನಮಗೂ ಒಬ್ಬನೇ ಪೂರ್ವಜನಿದ್ದನೆಂಬುದು, ಆ ಪೂರ್ವಜನಿಗೆ ಕಶಾಂಗವಿದ್ದಿತೆಂಬುದು, ಅದಕ್ಕೆ ಕಾರಣ.

ಸ್ವೀಡನ್ನಿನ ಬ್ಯೋರ್ನ್ ಆಫ್ಜೇಲಿಯಸ್ 1976ರಲ್ಲಿ ವಿವರಿಸಿದ ಕಾಯಿಲೆಯೂ ಇಂತಹದೇ. ವೀರ್ಯಾಣುಗಳ ಬಾಲ ಆಡದೆ ಸಂತಾನವಿಲ್ಲದಿದ್ದ ಕೆಲವು ಪುರುಷರು ಬಾಲ್ಯದಿಂದಲೂ ಕೆಮ್ಮು, ಕಫ, ನೆಗಡಿಗಳಿಂದ ನರಳಿದವರು. ಅವರಲ್ಲಿ ಕೆಲವರಿಗೆ ಹೃದಯವು ಬಲಗಡೆಯಲ್ಲಿತ್ತು. ಮೂರಕ್ಕೂ ಮೂಲ ಜೋಡಿ ನಾಳಗಳ ಮೇಲಿನ ಡೈನೀನ್ ತೋಳುಗಳ ಕೊರತೆ. ಶ್ವಾಸನಾಳದ ಕಫವನ್ನು ಮೇಲಕ್ಕೆ ಗುಡಿಸುವ ಲೋಮಾಂಗಕ್ಕೂ ವೀರ್ಯಾಣುವಿನ ಬಾಲಕ್ಕೂ ಒಂದೇ ರಚನೆ. ಭ್ರೂಣದಲ್ಲಿ ಎಡಬಲಗಳನ್ನು ನಿರ್ಣಯಿಸುವ ದ್ರವಪ್ರವಾಹವೂ ಅಂತಹ ಲೋಮಾಂಗಗಳ ತಿರುಗಾಟದಿಂದಲೇ ಉಂಟಾಗುವುದು. ಆ ಪ್ರವಾಹವಿಲ್ಲದಿದ್ದಾಗ ಹೃದಯವು ಎಡಕ್ಕೋ ಬಲಕ್ಕೋ ಎಂಬುದು ಕೇವಲ ದೈವಾಧೀನ.

ಸಸ್ಯಗಳಲ್ಲಿ ಈ ಚರಿತ್ರೆಯು ಇನ್ನೂ ನೇರವಾಗಿ ಕಣ್ಣಿಗೆ ಬೀಳುವುದು. ಮಳೆಗಾಲದಲ್ಲಿ ಮಲೆನಾಡಿನ ಗೋಡೆಗಳ ಮೇಲೆ ದಟ್ಟವಾಗಿ ಹಬ್ಬುವ ಹಾವಸೆಯ ವೀರ್ಯಾಣುವು ಎರಡು ಕಶಾಂಗಗಳನ್ನು ಬೀಸುತ್ತ, ಎಲೆಗಳ ಮೇಲೆ ನಿಂತ ನೀರಿನ ತೆಳುಪದರದಲ್ಲಿ ಈಜಿಯೇ ಅಂಡವನ್ನು ಸೇರಬೇಕು, ಜರೀಗಿಡದ್ದೂ ಹಾಗೆಯೇ. ಬೀಜಬಿಡುವ ಗಿಡಗಳಲ್ಲಿ ಕೂಡ ಈ ಪದ್ಧತಿ ಉಳಿದಿರುವುದನ್ನು 1896ರವರೆಗೆ ಯಾರೂ ಕಣ್ಣಾರೆ ಕಂಡಿರಲಿಲ್ಲ. ಆ ವರ್ಷ ಟೋಕಿಯೋದಲ್ಲಿ ಸಕುಗೋರೋ ಹಿರಾಸೆ ಗಿಂಕ್ಗೋ ಮರದಲ್ಲಿಯೂ ಸೆಇಚಿರೋ ಇಕೆನೋ ಸೈಕಾಸ್‌ನಲ್ಲಿಯೂ ಈಜುವ ವೀರ್ಯಾಣುಗಳನ್ನು ಕಂಡರು. ನಮ್ಮ ಉದ್ಯಾನಗಳಲ್ಲಿ ಶೋಭೆಗೆಂದು ನೆಡುವ ಸೈಕಾಸ್ ಗಿಡದ ಒಂದೊಂದು ವೀರ್ಯಾಣುವಿಗೂ ಸುರುಳಿಪಟ್ಟಿಯಲ್ಲಿ ಸಾಲಾಗಿ ನೆಟ್ಟ ಸಾವಿರಾರು ಕಶಾಂಗಗಳುಂಟು. ಮಾವು, ಹಲಸು, ತೆಂಗು, ಭತ್ತಗಳಲ್ಲಿ ಒಂದೂ ಇಲ್ಲ: ಪರಾಗದ ನಾಳವೇ ವೀರ್ಯಕೋಶವನ್ನು ಅಂಡದವರೆಗೂ ಒಯ್ದು ಬಿಡುವುದರಿಂದ ಈಜಬೇಕಾದ ಅಗತ್ಯ ತೀರಿತು, ಅಂಗವೂ ಹೋಯಿತು.

ಇಂತಹ ವಿಷಯವನ್ನು ಹತ್ತನೆಯ ತರಗತಿಯ ಮಗುವಿಗೆ ಹೇಳಬೇಕಾದರೆ ಜೀವವಿಕಾಸವೆಂಬ ಮಾತನ್ನು ಎತ್ತದೆ ಹೇಳುವ ಬಗೆಯೇ ಇಲ್ಲ. ಕೋವಿಡ್ ಕಾಲದ ನಂತರ ಮಕ್ಕಳ ಹೊರೆಯನ್ನು ಇಳಿಸಲೆಂದು ಪಾಠಗಳನ್ನು ಕಡಮೆಮಾಡಿದೆವು, ಹನ್ನೆರಡನೆಯ ತರಗತಿಯಲ್ಲಿ ಜೀವವಿಕಾಸದ ಅಧ್ಯಾಯ ಹಾಗೆಯೇ ಇದೆ ಎಂಬುದು ಪಠ್ಯವನ್ನು ಕತ್ತರಿಸಿದವರ ಸಮಾಧಾನ. ಮಕ್ಕಳ ಹೊರೆಯ ಬಗೆಗೆ ಅವರಿಗಿರುವ ಕಾಳಜಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊರೆಯಾಗಿರುವುದು ಹೆಸರುಗಳು. ಹೆಸರುಗಳನ್ನು ಒಂದಕ್ಕೊಂದು ಬೆಸೆಯುವ ವಿಚಾರವನ್ನು ತೆಗೆದುಹಾಕಿ ಹೆಸರುಗಳನ್ನು ಹಾಗೆಯೇ ಉಳಿಸಿದರೆ ಹೊರೆಯು ಹೆಚ್ಚುವುದೇ ಸರಿ. ಇನ್ನು ಹನ್ನೆರಡನೆಯ ತರಗತಿಯ ಮಾತು: ಅಲ್ಲಿ ಜೀವಶಾಸ್ತ್ರವನ್ನು ಓದುವವರು ಅದನ್ನು ಆರಿಸಿಕೊಂಡವರು ಮಾತ್ರ. ಕಾಮರ್ಸ್ ಹಿಡಿದವರು, ಐಟಿಐಗೆ ಹೋದವರು, ಶಾಲೆಯನ್ನೇ ಬಿಟ್ಟು ದುಡಿಮೆಗೆ ಇಳಿದವರು, ಇವರೆಲ್ಲರ ಪಾಲಿಗೆ ಹತ್ತನೆಯ ತರಗತಿಯೇ ವಿಜ್ಞಾನದ ಕೊನೆಯ ಮನೆ. ತಮ್ಮ ದೇಹವು ಹೀಗೇಕಿದೆಯೆಂದು ತಿಳಿಯುವ ಹಕ್ಕು ಅವರಿಗೂ ಉಂಟು. ಇದನ್ನೇ ಕಾರಣವಾಗಿ ಹೇಳಿ 2023ರ ಏಪ್ರಿಲ್‌ನಲ್ಲಿ ದೇಶದ 1,800ಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗಪತ್ರಕ್ಕೆ ಸಹಿಹಾಕಿದರು; ಪುಸ್ತಕವು ಬದಲಾಗಲಿಲ್ಲ.

ನಮ್ಮ ರಾಜ್ಯದ ಪಠ್ಯಪುಸ್ತಕಗಳ ಹೊಣೆ ಹೊತ್ತವರು ಈ ವಿಷಯದಲ್ಲಿ ಕೇಂದ್ರದ ಕತ್ತರಿಯ ಹಿಂದೆ ಹೋಗಬೇಕಾದ ನಿರ್ಬಂಧವೇನೂ ಇಲ್ಲ. ಹತ್ತನೆಯ ತರಗತಿಯ ಕನ್ನಡ ಪುಸ್ತಕದಲ್ಲಿ ಜೀವವಿಕಾಸದ ಅಧ್ಯಾಯವಿರಬೇಕು. ಅದರಲ್ಲಿ ಡೈನೋಸಾರ್ ಅಸ್ಥಿಗಳ ಜೊತೆಗೆ ಕಶಾಂಗಕ್ಕೂ ಎರಡು ಪುಟ ಸಲ್ಲಬೇಕು: ಒಂದರಲ್ಲಿ ಬ್ಯಾಕ್ಟೀರಿಯದ ಬಳೆಗಳ ಪಕ್ಕಕ್ಕೆ ಪ್ಲೇಗಿನ ಸೂಜಿಯ ಬುಡ. ಇನ್ನೊಂದರಲ್ಲಿ ಪಾಚಿಯ, ಹಾವಸೆಯ ವೀರ್ಯಾಣುವಿನ ಕಶಾಂಗಗಳ, ಮನುಷ್ಯನ ಶ್ವಾಸನಾಳದ ಲೋಮಾಂಗದ ಅಡ್ಡಕೊಯ್ತಗಳು, ಮೂರರಲ್ಲಿಯೂ ಒಂಬತ್ತು ಜೋಡಿ ನಾಳಗಳನ್ನು ಮಗುವೇ ಎಣಿಸಿ ನೋಡುವಂತೆ, ಅಕ್ಕಪಕ್ಕದಲ್ಲಿ. ಪ್ರಯೋಗದ ತರಗತಿಯಲ್ಲಿ, ಶಾಲೆಯ ಸೂಕ್ಷ್ಮದರ್ಶಕವು ಎಷ್ಟೇ ಹಳೆಯದಾಗಿದ್ದರೂ, ಹಸಿರುಗಟ್ಟಿದ ಕುಂಟೆಯ ನೀರಿನಲ್ಲಿ ಓಡಾಡುವ ಪಾಚಿಯನ್ನು ತೋರಿಸಬಹುದು. ಒಂದು ಹನಿ ಅಯೋಡಿನ್ ಬೆರೆಸಿದರೆ ಓಟವು ನಿಂತು, ದೊಡ್ಡ ಮಸೂರದಲ್ಲಿ ಎರಡು ಕಶಾಂಗಗಳೂ ಗೆರೆಗಳಾಗಿ ಎದ್ದು ಕಾಣುವುವು. ಪರೀಕ್ಷೆಯಲ್ಲಿ ‘ಕಶಾಂಗದ ಕಾರ್ಯವೇನು’ ಎಂಬ ಒಂದಂಕದ ಪ್ರಶ್ನೆಯನ್ನು ಕೈಬಿಟ್ಟು, ‘ಹಾವಸೆಯ ವೀರ್ಯಾಣುವಿಗೆ ಕಶಾಂಗವುಂಟು, ಮಾವಿನದಕ್ಕೆ ಇಲ್ಲ, ಕಾರಣವೇನು?’ ಎಂದು ನಾಲ್ಕು ಅಂಕಗಳಿಗೆ ಕೇಳಲಿ. ಅದಕ್ಕೆ ಉತ್ತರ ಬರೆಯಬಲ್ಲ ಮಗುವಿಗೆ ಗೈಡುಗಳ ಉತ್ತರವು ಬೇಕಾಗುವುದಿಲ್ಲ.